ವಾಹನದ ಏ.ಸಿ. ಸದ್ದು: ಕಿವಿಯಿಂದಲೇ ಪರೀಕ್ಷೆ

ಏ.ಸಿ. ಸದ್ದು ಮಾಡಿದರೆ ಎಂಜಿನ್ ಓಡುತ್ತಿರುವಂತೆಯೇ ಅದನ್ನು ಒಮ್ಮೆ ಹಾಕಿ, ಒಮ್ಮೆ ಆರಿಸಿ ಆಲಿಸತಕ್ಕದ್ದು. ಬೆಲ್ಟಿನ ಹತ್ತಿರ ಕೈ ಬೇಡ. ಫ್ಯಾನಿನ ವೇಗದೊಡನೆ ಏರಿಳಿಯುವ ಪರಪರ ಸದ್ದಿಗೆ ಹೆಚ್ಚಾಗಿ ತರಗೆಲೆಯೋ ಇಲಿ ತಂದಿಟ್ಟ ಕಸವೋ ಕಾರಣ. ಆರಿಸಿದೊಡನೆ ಕೇಳುವ ‘ಸುಸ್’ ಒಳಗಿನ ಅನಿಲದ್ದು, ಚಿಂತೆಯಿಲ್ಲ. ಹಾಕಿದೊಡನೆ ಕಿರುಚಿದರೆ ಬೆಲ್ಟ್ ಸಡಿಲಗೊಂಡಿರಬಹುದು.

ಆರಿಸಿದಾಗ ಗರಗರ ಎಂದು, ಹಾಕಿದಾಗ ನಿಂತರೆ ಕಂಪ್ರೆಸರ್ ಪುಲ್ಲಿಯ ಬೇರಿಂಗನ್ನು ಶಂಕಿಸಿರಿ. ‘ನಾವು ಏ.ಸಿ. ಹಾಕುವುದೇ ಇಲ್ಲವಲ್ಲ’ ಎಂದು ಸುಮ್ಮನಿರಬಾರದು. ಎಂಜಿನ್ ಓಡುವಷ್ಟು ಹೊತ್ತೂ ಪುಲ್ಲಿ ತಿರುಗುತ್ತಲೇ ಇರುತ್ತದೆ. ಹಲವು ವಾಹನಗಳಲ್ಲಿ ಅದೇ ಬೆಲ್ಟ್ ನೀರಿನ ಪಂಪನ್ನೂ ತಿರುಗಿಸುವುದರಿಂದ, ಬೇರಿಂಗ್ ಕಚ್ಚಿಕೊಂಡು ಬೆಲ್ಟ್ ಹರಿದರೆ ಅಡಿಕೆ ಹೇರಿದ ಗಾಡಿ ಘಾಟಿಯ ನಡುವೆ ಬಿಸಿಯೇರಿ ನಿಂತೀತು. ಕಂಪ್ರೆಸರನ್ನೇ ಬದಲಿಸಲು ಒಪ್ಪುವ ಮುನ್ನ, ಬೇರಿಂಗ್ ಬಿಡಿಯಾಗಿ ಸಿಕ್ಕೀತೇ ಎಂದು ಮೆಕ್ಯಾನಿಕರನ್ನು ವಿಚಾರಿಸಿರಿ.