ವಕ್ರದಂತ ಚಿಕಿತ್ಸೆ: ಸರದಿಯಲ್ಲಿ ಕಳೆಯುವ ಬೆಳವಣಿಗೆಯ ವಯಸ್ಸು

ವಕ್ರದಂತಗಳ ಚಿಕಿತ್ಸೆಯೆಂದರೆ ಸೌಂದರ್ಯದ ಹಂಬಲವೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಅದಕ್ಕಾಗಿ ನಾಲ್ಕಾರು ವರ್ಷ ಕಾದರೆ ನಷ್ಟವೇನು ಎಂದು ಕೇಳುವವರುಂಟು. ಅರ್ಹ ಮಕ್ಕಳಿಗೆ ಸರಕಾರವೇ ಈ ಚಿಕಿತ್ಸೆಯನ್ನು ಉಚಿತವಾಗಿ ಒದಗಿಸುವ ಐರ್ಲೆಂಡ್ ದೇಶದ ಅನುಭವವು ಈ ಪ್ರಶ್ನೆಗೆ ಉತ್ತರ ನೀಡುತ್ತದೆ.

ಹಲ್ಲಿನ ಜೋಡಣೆಯ ದೋಷವನ್ನು 1ರಿಂದ 5ರವರೆಗಿನ ಶ್ರೇಣಿಗಳಲ್ಲಿ ಅಳೆಯುವ ಮಾಪನವೊಂದು 1989ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾಯಿತು. ಐರ್ಲೆಂಡಿನಲ್ಲಿ ಅದರ ಪರಿಷ್ಕೃತ ರೂಪದಂತೆ 4 ಮತ್ತು 5ನೆಯ ಶ್ರೇಣಿಯ ಮಕ್ಕಳಿಗೆ ಮಾತ್ರ ಸರಕಾರಿ ಚಿಕಿತ್ಸೆ ದೊರೆಯುತ್ತದೆ. ಮೇಲಿನ ಬಾಚಿಹಲ್ಲುಗಳು ಕೆಳಗಿನವುಗಳಿಗಿಂತ 9 ಮಿಲಿಮೀಟರಿಗೂ ಹೆಚ್ಚು ಮುಂದೆ ಚಾಚಿದ್ದರೆ ಅದು 5ನೆಯ ಶ್ರೇಣಿ. ಇಷ್ಟು ಜರಡಿ ಹಿಡಿದ ಮೇಲೂ ನಾಲ್ಕು ವರ್ಷ ಮೀರಿ ಕಾದ ಮಕ್ಕಳಿದ್ದಾರೆ. ಪಟ್ಟಿಗೆ ಸೇರುವ ಮೊದಲೇ ಇನ್ನೊಂದು ಕಾಯುವಿಕೆಯುಂಟು: ಪ್ರಾಥಮಿಕ ಶಾಲೆಯಲ್ಲಿ ನಡೆಯಬೇಕಾದ ದಂತ ತಪಾಸಣೆಯು ವೈದ್ಯರ ಕೊರತೆಯಿಂದ ಹಲವೆಡೆ ಪ್ರೌಢಶಾಲೆಯ ವಯಸ್ಸಿಗೆ ಸರಿದಿದೆ.

ಹುಳುಕು ಹಲ್ಲನ್ನು ಒಂದೆರಡು ಭೇಟಿಗಳಲ್ಲಿ ತುಂಬಿ ಕಳುಹಿಸಬಹುದು. ತಂತಿ ಕಟ್ಟಿದ ಮಗುವನ್ನಾದರೋ ಸುಮಾರು ಎರಡು ವರ್ಷ, ಆರೆಂಟು ವಾರಗಳಿಗೊಮ್ಮೆ ನೋಡುತ್ತಲೇ ಇರಬೇಕು. ಆದುದರಿಂದ ತಜ್ಞರೊಬ್ಬರು ಕೆಲಸ ಬಿಟ್ಟರೆ ಅವರ ಕೈಯಲ್ಲಿದ್ದ ಮಕ್ಕಳೆಲ್ಲರೂ ಉಳಿದವರ ಪಾಲಿಗೆ ಬರುತ್ತಾರೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವಂತಿಲ್ಲವಾದ್ದರಿಂದ ಮೊದಲು ಅವರನ್ನೇ ನೋಡಬೇಕಾಗುತ್ತದೆ. ಹೊಸಬರ ಸರದಿ ಅಲ್ಲಿಯೇ ನಿಲ್ಲುತ್ತದೆ. ಬೇರೊಬ್ಬರನ್ನು ಬೇಗನೆ ತರೋಣವೆಂದರೆ, ಪದವಿಗೆ ಐದು ವರ್ಷ, ಅನಂತರ ವಿಶೇಷ ತರಬೇತಿಗೆ ಮೂರು ವರ್ಷ ಬೇಕು. ಹಾಗೆ ಸಿದ್ಧರಾದವರನ್ನು ಖಾಸಗಿ ವೃತ್ತಿಯ ಆದಾಯ ಸೆಳೆಯುತ್ತದೆ.

ಕೆಳದವಡೆ ಹಿಂದುಳಿದ ಮಕ್ಕಳಿಗೆ ‘ಟ್ವಿನ್ ಬ್ಲಾಕ್’ ಎಂಬ ಸಾಧನವನ್ನು ಸ್ಕಾಟ್ಲೆಂಡಿನ ವಿಲಿಯಂ ಕ್ಲಾರ್ಕ್ 1977ರಲ್ಲಿ ರೂಪಿಸಿದರು. ಇಂತಹ ಸಾಧನಗಳು ದೇಹವು ಭರದಿಂದ ಬೆಳೆಯುವ ಕಾಲದಲ್ಲಿ ಚೆನ್ನಾಗಿ ಫಲಿಸುತ್ತವೆ. ಹನ್ನೆರಡರಲ್ಲಿ ಪಟ್ಟಿಗೆ ಸೇರಿ ಹದಿನಾರರಲ್ಲಿ ಕರೆ ಪಡೆದ ಬಾಲಕಿಗೆ ಆ ಕಾಲ ಬಹುಮಟ್ಟಿಗೆ ಮೀರಿರುತ್ತದೆ. ದೋಷ ತೀವ್ರವಾಗಿದ್ದರೆ ಆಗ ದವಡೆಯ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಈ ನಡುವೆ ಆಟದಲ್ಲಿ ಬಿದ್ದು ಉಬ್ಬುಹಲ್ಲು ಮುರಿಯುವ ಭಯವೂ ಇದ್ದೇ ಇದೆ.

ಮೇಲಿನ ಕೋರೆಹಲ್ಲಿನ ವಿಚಾರ ಇನ್ನೂ ಸೂಕ್ಷ್ಮವಾದುದು. ಹತ್ತು-ಹನ್ನೊಂದನೆಯ ವಯಸ್ಸಿಗೆ ವಸಡಿನ ಹೊರಬದಿಯಲ್ಲಿ ಅದರ ಉಬ್ಬು ಬೆರಳಿಗೆ ತಗಲಬೇಕು. ತಗಲದಿದ್ದರೆ ಎಕ್ಸ್‌ರೇ ತೆಗೆಸುವುದು ಉಚಿತ. ಹಲ್ಲು ಅಂಗುಳಿನ ಕಡೆಗೆ ಸರಿದಿದ್ದರೆ ಸಕಾಲದಲ್ಲಿ ಹಾಲುಕೋರೆಯನ್ನು ಕೀಳಿಸಿದಾಗ ಅನೇಕ ವೇಳೆ ಅದು ತಾನಾಗಿ ಸ್ಥಾನಕ್ಕೆ ಬರುತ್ತದೆ. 1988ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೊಂದರಲ್ಲಿ ಇಂತಹ 46 ಹಲ್ಲುಗಳ ಪೈಕಿ 36 ಸರಿದಾರಿಗೆ ಬಂದವು. ಗಮನಿಸದೆ ಬಿಟ್ಟರೆ ಅದು ಪಕ್ಕದ ಬಾಚಿಹಲ್ಲಿನ ಬೇರನ್ನೇ ಕರಗಿಸಬಹುದು. ಇದನ್ನು ಗುರುತಿಸಲು ವಿಶೇಷ ತಜ್ಞರೇ ಬೇಕಿಲ್ಲ. ಊರಿನ ದಂತವೈದ್ಯರು ಸಾಕು.

ನಮ್ಮ ದಂತ ಕಾಲೇಜುಗಳಲ್ಲಿ ಈ ಚಿಕಿತ್ಸೆಯನ್ನು ಹೆಚ್ಚಾಗಿ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಮೇಲ್ವಿಚಾರಣೆಯಲ್ಲಿ ನಡೆಸುತ್ತಾರೆ. ಅವರ ವ್ಯಾಸಂಗ ಮೂರು ವರ್ಷಗಳದು. ಮಗುವನ್ನು ಕರೆದೊಯ್ಯುವ ಪಾಲಕರು, ಚಿಕಿತ್ಸೆ ಮಾಡುವವರು ಎಷ್ಟನೆಯ ವರ್ಷದಲ್ಲಿದ್ದಾರೆ, ಅವರು ಹೊರಟ ಮೇಲೆ ಮಗುವನ್ನು ಯಾರಿಗೆ ಒಪ್ಪಿಸಲಾಗುವುದು ಎಂಬುದನ್ನು ಮೊದಲ ದಿನವೇ ವಿಚಾರಿಸಿಕೊಳ್ಳಬೇಕು. ಸರದಿ ಬರುವವರೆಗೆ ಹುಳುಕನ್ನೂ ವಸಡಿನ ಊತವನ್ನೂ ವಾಸಿಮಾಡಿಸಿಕೊಂಡಿರಬೇಕು. ಶುಚಿಯಿಲ್ಲದ ಬಾಯಿಗೆ ತಂತಿ ಕಟ್ಟುವುದಿಲ್ಲ.