ಮೋಜಣಿ ಜಿ.ಪಿ.ಎಸ್. ಉಪಕರಣದ ಬಾಳಿಕೆ

ಹದ್ದುಬಸ್ತು, ಪೋಡಿ ಮೊದಲಾದ ಅಳತೆ ಕೆಲಸಗಳಿಗೆ ಹಿಂದೆ 33 ಅಡಿಯ ಸರಪಳಿಯೇ ಆಧಾರವಾಗಿತ್ತು. ಬಹುಕಾಲ ಎಳೆದಾಡಿದ ಸರಪಳಿಯ ಕೊಂಡಿಗಳು ಸವೆದು ಅದರ ಉದ್ದ ಹೆಚ್ಚುತ್ತಿತ್ತು. ಆದರೆ ಆ ದೋಷವನ್ನು ನಿಶ್ಚಿತ ಅಳತೆಯೊಂದಿಗೆ ಹೋಲಿಸಿ ಯಾರು ಬೇಕಾದರೂ ಕಂಡುಹಿಡಿಯಬಹುದಾಗಿತ್ತು. ಈಗ ಸರಪಳಿಯ ಜಾಗಕ್ಕೆ ರೋವರ್ ಎಂಬ ಜಿ.ಪಿ.ಎಸ್. ಉಪಕರಣವು ಬರುತ್ತಿದೆ. ಇದು ಸವೆಯುವ ರೀತಿಯೇ ಬೇರೆ. ಹೊರಗಿನ ಕವಚ, ಗುಂಡಿಗಳು, ಕಂಬ ಎಲ್ಲವೂ ಸುಸ್ಥಿತಿಯಲ್ಲಿದ್ದರೂ ಉಪಕರಣವು ಒಳಗಿನಿಂದ ಹಳತಾಗಿ ನಂಬಲು ಬಾರದಂತಾಗಿರಬಹುದು.

ಇದರಿಂದ ರೈತನಿಗೆ ಆಗಬಹುದಾದ ನಷ್ಟ ಸಣ್ಣದಲ್ಲ. 200 ಮೀಟರ್ ಉದ್ದದ ಬದುವನ್ನು ಅರ್ಧ ಮೀಟರ್ ಒಳಕ್ಕೆ ಗುರುತಿಸಿದರೆ 100 ಚದರ ಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಗುಂಟೆ ನೆಲ ಪಕ್ಕದವರ ಪಾಲಾಗುತ್ತದೆ. ಸರಿಯಾಗಿ ಕೆಲಸ ಮಾಡುವ ರೋವರ್ ಎರಡು-ಮೂರು ಸೆಂಟಿಮೀಟರಿನೊಳಗೆ ಜಾಗವನ್ನು ತೋರಿಸಬಲ್ಲದು. ತಿದ್ದುಪಡಿ ಸಂಕೇತ ಸರಿಯಾಗಿ ದೊರೆಯದೆ ತೆರೆಯ ಮೇಲೆ ‘ಫಿಕ್ಸ್’ ಎಂಬುದರ ಬದಲು ‘ಫ್ಲೋಟ್’ ಎಂದು ಬಂದಿರುವಾಗ ಅದೇ ರೋವರ್ ಅರ್ಧ ಮೀಟರ್ ತಪ್ಪುವುದು ಅಪರೂಪವೇನಲ್ಲ.

ರೋವರ್ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳ ಸಂಕೇತಗಳನ್ನು ಹಿಡಿದು, ಲೆಕ್ಕ ಹಾಕಿ, ತಾನಿರುವ ಜಾಗವನ್ನು ತಿಳಿಸುತ್ತದೆ. ಈ ಲೆಕ್ಕದ ವಿಧಾನವನ್ನೆಲ್ಲ ಉಪಕರಣದ ಚಿಪ್‌ನಲ್ಲಿ ಬರೆದಿಟ್ಟಿರುತ್ತಾರೆ. ಇದಕ್ಕೆ ಫರ್ಮ್‌ವೇರ್ ಎಂದು ಹೆಸರು. ತಯಾರಕರು ಇದನ್ನು ಕಾಲಕಾಲಕ್ಕೆ ತಿದ್ದಿ ಹೊಸ ಆವೃತ್ತಿಗಳನ್ನು ಹೊರಡಿಸುತ್ತಾರೆ. ಅವರು ಹಾಗೆ ಮಾಡುವುದನ್ನು ನಿಲ್ಲಿಸಿದ ದಿನದಿಂದ ಉಪಕರಣದ ಮುಪ್ಪು ಆರಂಭವಾಯಿತೆಂದು ತಿಳಿಯಬೇಕು.

ವಾರಗಳ ಎಣಿಕೆಯನ್ನು ಇದಕ್ಕೆ ಉದಾಹರಣೆಯಾಗಿ ನೋಡಬಹುದು. ಜಿ.ಪಿ.ಎಸ್. ಉಪಗ್ರಹಗಳು ದಿನಾಂಕವನ್ನು ತಿಂಗಳು, ವರ್ಷಗಳಲ್ಲಿ ತಿಳಿಸುವುದಿಲ್ಲ. 1980ರ ಜನವರಿ 6ರಿಂದ ಇದು ಎಷ್ಟನೆಯ ವಾರ ಎಂದಷ್ಟೇ ತಿಳಿಸುತ್ತವೆ. ಮೂಲ ಸಂದೇಶದಲ್ಲಿ ಈ ಸಂಖ್ಯೆಗೆ 0ಯಿಂದ 1023ರವರೆಗೆ ಮಾತ್ರ ಸ್ಥಳವಿದೆ. ಆದುದರಿಂದ 1024 ವಾರ, ಎಂದರೆ ಸುಮಾರು 19 ವರ್ಷ ಏಳೂವರೆ ತಿಂಗಳು ಕಳೆದೊಡನೆ ಎಣಿಕೆ ಮತ್ತೆ ಸೊನ್ನೆಗೆ ಬರುತ್ತದೆ. ಅರವತ್ತು ಸಂವತ್ಸರಗಳು ಮುಗಿದು ಮತ್ತೆ ಪ್ರಭವ ಬಂದಂತೆಯೇ ಇದು. ಪ್ರಭವ ಎಂದಷ್ಟೇ ಹೇಳಿದರೆ ಯಾವ ಸುತ್ತಿನ ಪ್ರಭವವೆಂದು ತಿಳಿಯದು. ಅದನ್ನು ಕೇಳುವವನೇ ಅರಿತುಕೊಳ್ಳಬೇಕು. ರೋವರಿನಲ್ಲಿ ಈ ಅರಿವು ಫರ್ಮ್‌ವೇರಿನಲ್ಲಿರುತ್ತದೆ.

ಈ ಸುತ್ತು ಮೊದಲ ಬಾರಿ 1999ರ ಆಗಸ್ಟಿನಲ್ಲಿ, ಎರಡನೆಯ ಬಾರಿ 2019ರ ಏಪ್ರಿಲಿನಲ್ಲಿ ಮುಗಿಯಿತು. ಮುಂದಿನದು 2038ರ ನವೆಂಬರಿನಲ್ಲಿ. 2019ರಲ್ಲಿ ನ್ಯೂಯಾರ್ಕ್ ನಗರಾಡಳಿತದ ನಿಸ್ತಂತು ಜಾಲವೇ ಇದರಿಂದ ಕೆಲವು ದಿನ ನಿಂತುಹೋಗಿತ್ತು. ಆದರೆ ಎಲ್ಲ ಉಪಕರಣಗಳೂ ಅದೇ ದಿನ ತಪ್ಪಬೇಕೆಂದಿಲ್ಲ. ಅನೇಕ ಉಪಕರಣಗಳು ತಮ್ಮ ಫರ್ಮ್‌ವೇರ್ ಸಿದ್ಧವಾದ ದಿನದಿಂದ 1024 ವಾರಗಳವರೆಗೆ ಸರಿಯಾಗಿ ನಡೆದು, ಆಮೇಲೆ ಯಾವುದೋ ಸಾಮಾನ್ಯ ದಿನದಂದು ಏಕಾಏಕಿ ಇಪ್ಪತ್ತು ವರ್ಷ ಹಿಂದಕ್ಕೆ ಹೋಗುತ್ತವೆ. ಆಗಲೂ ಜಾಗವನ್ನು ಸರಿಯಾಗಿ ತೋರಿಸಬಹುದು. ಆದರೆ ಅಳತೆಯ ಕಡತದಲ್ಲಿ ದಿನಾಂಕ ತಪ್ಪಾಗಿ ದಾಖಲಾಗಿ, ಕಚೇರಿಯಲ್ಲಿ ಸ್ಥಿರ ಕೇಂದ್ರದ ದಾಖಲೆಯೊಂದಿಗೆ ಅದನ್ನು ಹೊಂದಿಸಲು ಆಗುವುದಿಲ್ಲ. ಒಂದು ದಿನದ ಶ್ರಮ ವ್ಯರ್ಥವಾಗುತ್ತದೆ. ಹೊಸ ಫರ್ಮ್‌ವೇರ್ ಹಾಕಿದರೆ ಈ ದೋಷ ನಿವಾರಣೆಯಾಗುತ್ತದೆ.

ಫರ್ಮ್‌ವೇರಿನಿಂದ ಸರಿಹೋಗದ ಕೊರತೆಗಳೂ ಉಂಟು. ಜಿ.ಪಿ.ಎಸ್. ಒಂದನ್ನೇ ಹಿಡಿಯುವಂತೆ ತಯಾರಾದ ಹಳೆಯ ಉಪಕರಣಕ್ಕೆ ಗ್ಲೋನಾಸ್, ಗೆಲಿಲಿಯೋ, ಬೈದೌ ಉಪಗ್ರಹಗಳ ಸಂಕೇತ ಹಿಡಿಯಲು ಬೇಕಾದ ಬಿಡಿಭಾಗಗಳೇ ಇರುವುದಿಲ್ಲ. ಬಯಲು ಹೊಲದಲ್ಲಿ ಇದು ಅಷ್ಟಾಗಿ ತೊಂದರೆ ಕೊಡದು. ಅಡಿಕೆ, ತೆಂಗಿನ ತೋಟದ ನೆರಳಿನಲ್ಲಿ ಉಪಗ್ರಹಗಳ ಕೊರತೆ ಕೂಡಲೇ ಗೊತ್ತಾಗುತ್ತದೆ. ಸರ್ವೆ ಆಫ್ ಇಂಡಿಯಾ ಸ್ಥಾಪಿಸಿರುವ ಕೋರ್ಸ್ ಎಂಬ ಸ್ಥಿರ ಕೇಂದ್ರಗಳ ತಿದ್ದುಪಡಿ ಸಂಕೇತವು ಮೊಬೈಲ್ ಜಾಲದ ಮೂಲಕ ಬರುತ್ತದೆ. ರೋವರಿನಲ್ಲಿರುವ ಮೋಡೆಮ್ 3ಜಿಯದಾಗಿದ್ದರೆ ಹಲವು ಕಂಪನಿಗಳು ಆ ಸೇವೆಯನ್ನೇ ನಿಲ್ಲಿಸಿರುವುದರಿಂದ ಅದಕ್ಕೆ ಸಂಕೇತ ತಲುಪುವುದಿಲ್ಲ. ಸಂಕೇತ ತಲುಪಿದರೂ ಅದರ ಹೊಸ ನಮೂನೆ ಹಳೆಯ ಫರ್ಮ್‌ವೇರಿಗೆ ಅರ್ಥವಾಗದೆ ಹೋಗಬಹುದು.

ಪರವಾನಗಿ ಭೂಮಾಪಕರಾಗಲಿ, ರೈತ ಉತ್ಪಾದಕ ಸಂಸ್ಥೆಗಳಾಗಲಿ ಬಳಸಿದ ರೋವರನ್ನು ಅಗ್ಗದ ದರಕ್ಕೆ ಕೊಳ್ಳುವ ಮುನ್ನ ಈ ವಿಷಯಗಳನ್ನು ವಿಚಾರಿಸತಕ್ಕದ್ದು. ಇನ್ನೊಂದು ಸಂಗತಿಯನ್ನು ಮಾರುವವರು ಸಾಮಾನ್ಯವಾಗಿ ಹೇಳುವುದಿಲ್ಲ. ಕೆಲವು ತಯಾರಿಕೆಗಳಲ್ಲಿ ಖಾತರಿ ಅವಧಿ ಮುಗಿದ ಮೇಲೆ ಹೊರಟ ಫರ್ಮ್‌ವೇರನ್ನು ಉಪಕರಣವೇ ಸ್ವೀಕರಿಸದು. ಹಣ ಕೊಟ್ಟು ಅವಧಿಯನ್ನು ಮುಂದುವರಿಸಿಕೊಳ್ಳಬೇಕಾಗುತ್ತದೆ. ಆದುದರಿಂದ ಕ್ರಯದ ಜೊತೆಗೆ ಈ ಖರ್ಚನ್ನೂ, ಹೊಸ ಬ್ಯಾಟರಿಯ ಬೆಲೆಯನ್ನೂ ಕೂಡಿಸಿ ನೋಡುವುದು ಒಳ್ಳೆಯದು. ಕೂಡಿಸಿದಾಗ ಅಗ್ಗದ ಮಾಲು ಅಗ್ಗವಾಗಿ ಉಳಿಯುವುದು ಕಡಿಮೆ.

ಹೊಸ ಫರ್ಮ್‌ವೇರನ್ನು ಅಳತೆಯ ಕೆಲಸ ಅರ್ಧ ನಡೆದಿರುವಾಗ ಎಂದೂ ಹಾಕಬಾರದು. ಮೊದಲು ಒಳಗಿರುವ ಕಡತಗಳನ್ನೆಲ್ಲ ಬೇರೆಡೆಗೆ ಇಳಿಸಿಕೊಳ್ಳಬೇಕು. ಬ್ಯಾಟರಿ ಪೂರ್ತಿ ತುಂಬಿರಬೇಕು. ಗಣಕಯಂತ್ರದ ಮೂಲಕ ಹಾಕುವುದಾದರೆ ಅದಕ್ಕೂ ಹಠಾತ್ತನೆ ಕರೆಂಟು ಹೋಗದಂತೆ ವ್ಯವಸ್ಥೆ ಬೇಕು. ನಡುವೆ ವಿದ್ಯುತ್ ನಿಂತರೆ ಉಪಕರಣವು ಮತ್ತೆ ಚಾಲೂ ಆಗದೆ ಕಾರ್ಖಾನೆಗೆ ಕಳುಹಿಸಬೇಕಾದೀತು. ಬೇಸ್ ಮತ್ತು ರೋವರ್ ಎರಡಕ್ಕೂ ಒಟ್ಟಿಗೆ ಹಾಕಬೇಕು. ಒಂದು ಹೊಸತು, ಒಂದು ಹಳತಾದರೆ ಅವು ಕೆಲವೊಮ್ಮೆ ಪರಸ್ಪರ ಹೊಂದಿಕೊಳ್ಳುವುದಿಲ್ಲ.

ಹಾಕುವ ಮೊದಲು ಮತ್ತು ಹಾಕಿದ ಮೇಲೆ ಕದಲದ ಬಾಂದು ಕಲ್ಲೊಂದರ ಮೇಲೆ ಕಂಬ ನಿಲ್ಲಿಸಿ ಅಳತೆ ತೆಗೆಯಬೇಕು. ‘ಫಿಕ್ಸ್’ ಬಂದ ನಂತರ ತೆಗೆದ ಎರಡು ಅಳತೆಗಳ ನಡುವೆ ಮೂರು-ನಾಲ್ಕು ಸೆಂಟಿಮೀಟರಿಗಿಂತ ಹೆಚ್ಚಿನ ವ್ಯತ್ಯಾಸ ಬಂದರೆ ಕಾರಣ ತಿಳಿಯುವವರೆಗೆ ಹದ್ದುಬಸ್ತಿಗೆ ಆ ರೋವರನ್ನು ಬಳಸಬಾರದು. ದಿನಾಂಕ, ಆವೃತ್ತಿಯ ಸಂಖ್ಯೆ, ಎರಡೂ ಅಳತೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಮುಂದೆ ತಕರಾರು ಬಂದಾಗ ಈ ಪುಸ್ತಕ ಕೆಲಸಕ್ಕೆ ಬರುತ್ತದೆ. ತನ್ನ ಜಮೀನಿನ ಅಳತೆ ನಡೆಯುವಾಗ ರೈತನೂ ತೆರೆಯ ಮೇಲೆ ಏನು ಬಂದಿದೆ ಎಂದು ನೋಡಬಹುದು, ಕೇಳುವುದರಲ್ಲಿ ಸಂಕೋಚಪಡಬೇಕಾಗಿಲ್ಲ.

ಫರ್ಮ್‌ವೇರ್ ನಿಂತುಹೋದ ಹಳೆಯ ಜೋಡಿಯನ್ನು ಗುಜರಿಗೆ ಹಾಕಬೇಕಾಗಿಲ್ಲ. ಬೇಸ್ ಮತ್ತು ರೋವರ್ ಎರಡೂ ಒಂದೇ ತಯಾರಿಕೆಯವಾಗಿದ್ದು, ತಮ್ಮದೇ ರೇಡಿಯೋ ಮೂಲಕ ಸಂಪರ್ಕ ಹೊಂದಿ ‘ಫಿಕ್ಸ್’ ತೋರಿಸುತ್ತಿದ್ದರೆ, ಹೊಲದೊಳಗಿನ ಏರುತಗ್ಗು ನೋಡಲು, ಸಮಪಾತಳಿ ಬದುಗಳ ಗೆರೆ ಎಳೆಯಲು, ಬಸಿಗಾಲುವೆಯ ಇಳಿಜಾರು ಗೊತ್ತುಮಾಡಲು ಅದು ಇನ್ನೂ ಕೆಲವು ವರ್ಷ ಸಾಕಾಗುತ್ತದೆ.