ಅಂಗಳದ ಕೋಲು, ಆಕಾಶದ ಪಾಠ

ಪ್ರೀತಿಯ ಶಿಷ್ಯೆಗೆ,

ಕುದಾಪುರದ ತರಬೇತಿ ಮುಗಿಸಿ ಹಾಸನದ ನಿನ್ನ ಶಾಲೆಗೆ ವಾಪಸಾಗಿದ್ದೀಯ ಎಂದು ತಿಳಿಯಿತು. ಚಳ್ಳಕೆರೆ ಹತ್ತಿರದ ಆ ಐಐಎಸ್‌ಸಿ ಆವರಣದಲ್ಲಿ ಮೇಷ್ಟ್ರುಗಳ ಕೈಗೇ ಉಪಕರಣ ಕೊಟ್ಟು ಪ್ರಯೋಗ ಮಾಡಿಸುತ್ತಾರೆ. ಪ್ರಮಾಣಪತ್ರವನ್ನು ಧಾರಾಳವಾಗಿ ಫೈಲಿಗೆ ಸೇರಿಸು. ಆದರೆ ಅಲ್ಲಿ ಅಳತೆ ಹೊಂದದೆ ತಲೆ ಕೆರೆದುಕೊಂಡಿರುತ್ತೀಯಲ್ಲ, ಆ ಅವಕಾಶ ಮಕ್ಕಳಿಗೂ ಸಿಗಲಿ.

ಚಂದ್ರಯಾನ-3 ಇಳಿದ ಆಗಸ್ಟ್ 23 ಬಂದರೆ ಶಾಲೆ ಶಾಲೆಗಳಲ್ಲಿ ಥರ್ಮಾಕೋಲ್ ಲ್ಯಾಂಡರ್‌ಗಳು ಸಾಲಾಗಿ ನಿಲ್ಲುತ್ತವೆ. ಹೆಚ್ಚಿನವು ಅಪ್ಪ ಅಮ್ಮಂದಿರ ಕೈಚಳಕ. ನೀನು ಬೀರುವಿನ ಮೇಲಿನ ಗ್ಲೋಬ್ ಇಳಿಸು. ಅದರ ಅಡ್ಡಳತೆ 30 ಸೆಂಟಿಮೀಟರ್ ಎಂದುಕೋ. 8 ಸೆಂಟಿಮೀಟರಿನ ಚೆಂಡು ಕೊಟ್ಟು, ಚಂದ್ರನನ್ನು ಎಲ್ಲಿಡುತ್ತೀರಿ ಎಂದು ಕೇಳು. ಒಂದು ಮೊಳ ದೂರದಲ್ಲಿ ಇಡುತ್ತಾರೆ. ಪುಸ್ತಕದ ಚಿತ್ರದಲ್ಲಿ ಹಾಗೇ ಇದೆಯಲ್ಲ! ಸರಿಯಾದ ಜಾಗ 9 ಮೀಟರ್ ಆಚೆ, ತರಗತಿ ದಾಟಿ ಜಗುಲಿಯಲ್ಲಿ. ಬಾಹ್ಯಾಕಾಶ ನಿಲ್ದಾಣವೋ, ಗ್ಲೋಬಿನಿಂದ ಬರೀ ಒಂದು ಸೆಂಟಿಮೀಟರ್ ಮೇಲೆ. ನಿಮ್ಮೂರಿನ ಇಸ್ರೋ ನಿಯಂತ್ರಣ ಕೇಂದ್ರ ಎಂಸಿಎಫ್ ನಿಯಂತ್ರಿಸುವ ಭೂಸ್ಥಿರ ಉಪಗ್ರಹಗಳು 85 ಸೆಂಟಿಮೀಟರ್ ದೂರದಲ್ಲಿ. ಆ ಆಂಟೆನಾಗಳನ್ನು ದಿನಾ ನೋಡುವ ಮಕ್ಕಳಿಗೆ ಇದನ್ನು ಅಳೆದು ತೋರಿಸದಿದ್ದರೆ ಹೇಗೆ?

ನನಗೆ ಇದಕ್ಕಿಂತ ಇಷ್ಟವಾದದ್ದು ಕೋಲಿನ ನೆರಳು. ಹಾಸನದಲ್ಲಿ ನೆರಳಿಲ್ಲದ ದಿನ ಏಪ್ರಿಲ್ 24ರ ಆಸುಪಾಸು. ಆಗ ಬೇಸಿಗೆ ರಜೆ. ಮತ್ತೆ ಬರುವುದು ಆಗಸ್ಟ್ 18ರ ಸುಮಾರಿಗೆ, ಆಗ ಮೋಡ. ಅದನ್ನೇ ಕಾದು ಕೂರಬೇಡ. ಜನವರಿಯ ಬಿಸಿಲಿನ ಒಂದು ದಿನ ಸಾಕು. ಬೀದರಿನ ಕಡೆಯ ಶಿಕ್ಷಕರೊಬ್ಬರ ಜೊತೆ ಮಾತಾಡಿಕೋ. ಎರಡೂ ಕಡೆ ಮೀಟರ್ ಉದ್ದದ ಕೋಲು ನೆಟ್ಟಗೆ ನಿಲ್ಲಲಿ. ಗಾರೆ ಕೆಲಸದವರ ತೂಗುಗುಂಡು ಕೇಳಿ ತಂದರಾಯಿತು. ಗಡಿಯಾರದ 12 ಗಂಟೆಯನ್ನು ನಂಬಬೇಡ. ನಮ್ಮ ಸಮಯ 82.5 ಡಿಗ್ರಿ ರೇಖಾಂಶದ್ದು, ಹಾಸನ ಅದಕ್ಕೆ ಪಶ್ಚಿಮ. ಹನ್ನೆರಡರಿಂದಲೇ ನೆರಳಿನ ತುದಿಗೆ ಗುರುತು ಹಾಕಿಸುತ್ತ ಹೋಗು, ಅತಿ ಗಿಡ್ಡ ನೆರಳನ್ನು ಹಿಡಿ.

ಕೋಲಿನ ಎತ್ತರ, ನೆರಳಿನ ಉದ್ದ ಎರಡರಿಂದ ಬಿಸಿಲು ಬೀಳುವ ಓರೆಯ ಕೋನ ಸಿಗುತ್ತದೆ. ಎರಡು ಊರಿನ ಕೋನಗಳ ವ್ಯತ್ಯಾಸ ಸುಮಾರು 5 ಡಿಗ್ರಿ ಬರುತ್ತದೆ. ದಕ್ಷಿಣೋತ್ತರವಾಗಿ ದೂರ ಸುಮಾರು 545 ಕಿಲೋಮೀಟರ್. 360 ಡಿಗ್ರಿಗೆ ಲೆಕ್ಕ ಹಾಕಿದರೆ ಭೂಮಿಯ ಸುತ್ತಳತೆ 40 ಸಾವಿರ ಕಿಲೋಮೀಟರಿನ ಹತ್ತಿರ ಬಂದು ನಿಲ್ಲುತ್ತದೆ.

ಆದರೆ ಮಕ್ಕಳು ಮೊದಲು ಬಸ್ಸು ಹೋಗುವ ರಸ್ತೆಯ ದೂರವನ್ನೇ ಹಾಕುತ್ತಾರೆ, ಭೂಮಿ ಊದಿಕೊಳ್ಳುತ್ತದೆ. ಆಗ ಬಾಯಿ ಬಿಡಬೇಡ. ನಕ್ಷೆ ಹರಡಿಕೊಂಡು, ರಸ್ತೆ ಎಲ್ಲೆಲ್ಲಿ ಬಳಸಿ ಹೋಗುತ್ತದೆಂದು ಬೆರಳಿಟ್ಟು ನೋಡಲಿ, ಬೀದರಿನ ಮಕ್ಕಳ ಜೊತೆ ಫೋನಿನಲ್ಲಿ ಜಗಳವಾಡಲಿ. ಎರಡು ಪೀರಿಯಡ್ ಹೋದರೆ ಹೋಗಲಿ. ಪೋರ್ಷನ್ ಎಲ್ಲಿಗೆ ಬಂತು ಎಂದು ಹೆಡ್‌ಮಾಸ್ಟರ್ ಕೇಳಿದರೆ, ವೃತ್ತ, ತ್ರಿಕೋನಮಿತಿ, ಅಕ್ಷಾಂಶ ಮೂರೂ ಆಯಿತು ಸಾರ್ ಎಂದುಬಿಡು.

ಇಂತಿ,
ನಿನ್ನ ಹಳೆಯ ಮೇಷ್ಟ್ರು